ಬೀಗದ ಹೊರಗೆ ಕೂತಿದ್ದ ಸಿದ್ದಲಿಂಗಪ್ಪನವರು

ದೆವ್ವ, ಪವಾಡ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದವನು ನಾನು. ಕಣ್ಣಿಗೆ ಕಂಡದ್ದನ್ನಷ್ಟೇ ನಂಬುತ್ತೇನೆ ಎಂಬ ಜಂಬ ಬೇರೆ. ಈಗ ಹೇಳಹೊರಟಿರುವುದು ಕಣ್ಣಿಗೆ ಕಂಡದ್ದೇ. ಆದರೂ ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ಇದರಲ್ಲಿ ನೀವು ನಂಬಲೇಬೇಕಾದ ಭಾಗ ಬೇರೆ ಇದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಎಸ್ಸೆಸ್ಸೆಲ್ಸಿ ಓದಿಕೊಂಡು ಎಲ್ಲೂ ನೆಲೆ ನಿಲ್ಲದೆ, ಮೂವತ್ತು ದಾಟಿದ ಮೇಲೆ ಬನಶಂಕರಿ ಎರಡನೇ ಹಂತದ ಒಂದು ಸಣ್ಣ ವೃದ್ಧಾಶ್ರಮದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ಹಿಂಭಾಗದ ಹಾಲ್‌ನಲ್ಲಿ ಅರಳುಮರಳಾದ ಆರು ಮಂದಿ ಗಂಡಸರಿದ್ದರು. ಅವರಲ್ಲೊಬ್ಬರು ಹಿಂದೆ ಬಸ್ ಕಂಡಕ್ಟರ್ ಆಗಿದ್ದವರು. ಊಟವಾದ ಮೇಲೆ ಮಂಚದಿಂದ ಮಂಚಕ್ಕೆ ಹೋಗಿ ಟಿಕೆಟ್ ಕೇಳುವರು. ಉತ್ತರ ಬಾರದಿದ್ದರೆ ಹೊಡೆಯುವರು. ಕೈಯಲ್ಲೊಂದು ಚೂರು ಕಾಗದ ಕಂಡರೆ ಸಾಕು, ಮುಂದೆ ಹೋಗುತ್ತಿದ್ದರು. ಅವರದೇನೂ ತಪ್ಪಿಲ್ಲ, ಅವರ ತಲೆ ಇನ್ನೂ ಬಸ್ಸಿನಲ್ಲೇ ಇತ್ತು. ನನ್ನ ತಲೆ ನೆಟ್ಟಗಿತ್ತು.

ಪೆಟ್ಟು ತಿಂದವರು ಕೂಗಿದರೆ ಮಹಡಿಯಿಂದ ಮಾಲೀಕರು ಇಳಿದು ಬರುತ್ತಿದ್ದರು. ಕೂಗದವರೆಂದರೆ ಸಿದ್ದಲಿಂಗಪ್ಪನವರೊಬ್ಬರೇ. ಬೆಲ್ಲದ ಮಂಡಿ ನಡೆಸಿದ್ದವರು. ಅಲ್ಲಿಗೆ ಬಂದು ಎರಡು ವರ್ಷವಾದರೂ ಒಂದು ಮಾತಾಡಿರಲಿಲ್ಲ. ನಾನು ಅವರ ಮಂಚವನ್ನು ಎಳೆದು ಕಂಡಕ್ಟರರ ಮಂಚದ ಪಕ್ಕಕ್ಕೆ ಹಾಕಿದೆ. ಟಿಕೆಟ್ಟೂ ಉತ್ತರವೂ ಸಿಗದೆ ಕಂಡಕ್ಟರ್ ಅಲ್ಲೇ ಹೊಡೆಯುತ್ತಾ ನಿಂತುಬಿಡುತ್ತಿದ್ದರು, ಉಳಿದವರು ನಿದ್ದೆ ಮಾಡುತ್ತಿದ್ದರು, ನಾನು ಬೀಗ ಹಾಕಿಕೊಂಡು ಬೀದಿ ಕೊನೆಯ ಹೋಟೆಲಿಗೆ ಇಸ್ಪೀಟಾಡಲು ಹೋಗುತ್ತಿದ್ದೆ. ಸಂಜೆ ಸಿದ್ದಲಿಂಗಪ್ಪನವರ ತೋಳಿನ ಕಂದುಗಟ್ಟಿದ ಗುರುತುಗಳಿಗೆ ಎಣ್ಣೆ ಸವರಿ, ಕೈಯಲ್ಲಿ ಉಳಿದ ಎಣ್ಣೆಯನ್ನು ನನ್ನ ತಲೆಗೇ ಒರೆಸಿಕೊಳ್ಳುತ್ತಿದ್ದೆ.

ಅಡುಗೆಯ ನಂಜಮ್ಮ ಒಂದು ದಿನ ನೇರವಾಗಿಯೇ ಕೇಳಿದಳು. "ಹುಲಿ ಪಕ್ಕ ಕುರಿ ಕಟ್ಟಿ ಇಸ್ಪೀಟ್ ಆಡಕ್ಕೆ ಹೋಗ್ತೀಯಲ್ಲಪ್ಪ, ಒಂದ್ ಚೂರು ಪೇಪರ್ ಆವಪ್ಪನ ಕೈಗಿಡಕ್ಕೆ ನಿಂಗೇನ್ ರೋಗ?"

"ಇಟ್ರೆ ಬೇರೆಯೋರ್ ಹತ್ರ ಹೋಗ್ತಾರೆ ಕಣಕ್ಕ," ಎಂದು ಹಲ್ಲು ಕಿರಿದೆ.

ಅವಳು ರಜೆ ಹಾಕಿದ್ದ ಒಂದು ಮಧ್ಯಾಹ್ನ. ಮಾಲೀಕರೂ ಊರಲ್ಲಿರಲಿಲ್ಲ, ಸಂಜೆ ಬರುವವರಿದ್ದರು. ಸಿದ್ದಲಿಂಗಪ್ಪನವರನ್ನು ಮಲಗಿಸಿ, ಹೊದಿಸಿ, ಬೀಗ ಹಾಕಿ ಹೋದೆ. ಮರಳಿ ಬಂದರೆ ಅವರು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಾರೆ. ಆ ಹಾಲ್‌ಗೆ ಇದ್ದದ್ದು ಒಂದೇ ಬಾಗಿಲು. ಹಾಕಿದ ಬೀಗ ಹಾಗೆಯೇ ಇತ್ತು, ಬೀಗದ ಕೈ ನನ್ನ ಜೇಬಿನಲ್ಲಿತ್ತು. ಕಿಟಕಿಯ ಸರಳುಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಒಂದೂ ಅಲುಗಲಿಲ್ಲ. ಒಳಗೆ ಕಂಡಕ್ಟರ್ ಖಾಲಿ ಮಂಚದ ದಿಂಬಿಗೆ ಹೊಡೆಯುತ್ತಾ ನಿಂತಿದ್ದರು.

ಸಿದ್ದಲಿಂಗಪ್ಪನವರು ತಲೆಯೆತ್ತಿ ನನ್ನನ್ನು ನೋಡಿದರು.

"ಮಗಾ, ನಂಗಲ್ಲಿ ಬ್ಯಾಡ ಕಣೋ," ಎಂದರು.

ಸಣ್ಣ ದನಿ, ಆದರೆ ಸ್ಪಷ್ಟವಾಗಿತ್ತು. ಅದನ್ನು ನಾನು ಕೇಳಿದ್ದು ಅದೊಂದೇ ಸಲ.

ನಾನೇನು ಮಾಡಿದೆ? ಅವರ ಕಾಲಿಗೆ ಬೀಳಲಿಲ್ಲ. ಮಾಲೀಕರು ಬಂದು ಇವರನ್ನು ಇಲ್ಲಿ ಕಂಡರೆ ನಾನೆಲ್ಲಿ ಹೋಗಿದ್ದೆ ಎಂದು ಕೇಳುತ್ತಾರೆ, ಹೊಳೆದದ್ದು ಅಷ್ಟೇ. ರಟ್ಟೆ ಹಿಡಿದು ಎಬ್ಬಿಸಿದೆ. ಎದುರಾಡದೆ ಬಂದರು. ಅದೇ ಮಂಚದಲ್ಲಿ ಮಲಗಿಸಿ, ಮತ್ತೆ ಬೀಗ ಜಡಿದು, ಅಲ್ಲಿ ನಿಲ್ಲಲು ಹೆದರಿ ಹೋಟೆಲಿಗೇ ಓಡಿದೆ.

ಎರಡನೇ ಸಲ ಬಾಗಿಲು ತೆರೆದಾಗ ಅವರು ಮಂಚದ ಕೆಳಗೆ ನೆಲದ ಮೇಲಿದ್ದರು. ಸೊಂಟ ಮುರಿದಿತ್ತು. ಕಾಲು ಜಾರಿ ಬಿದ್ದರು ಎಂದು ಆಶ್ರಮದ ದಿನಚರಿ ಪುಸ್ತಕದಲ್ಲಿ ದುಂಡಗೆ ಬರೆದವನು ನಾನೇ. ತಿಂಗಳೊಳಗೆ ಆಸ್ಪತ್ರೆಯಲ್ಲಿ ತೀರಿಕೊಂಡರು.

ಆಮೇಲೆ ಆ ಬೀಗವನ್ನು ಎಷ್ಟೋ ಸಲ ಜಗ್ಗಿ ನೋಡಿದೆ. ಬಾಗಿಲಿನ ತಿರುಗಣೆಗಳನ್ನೂ ನೋಡಿದೆ. ನನ್ನ ನೆನಪೇ ತಪ್ಪಿರಬಹುದೇ ಎಂದೂ ಯೋಚಿಸಿದ್ದೇನೆ, ಈಗ ನನಗೂ ಅವರ ವಯಸ್ಸು. ಅವರು ಹೊರಗೆ ಹೇಗೆ ಬಂದರೋ ಇಂದಿಗೂ ತಿಳಿದಿಲ್ಲ. ಒಳಗೆ ಹೇಗೆ ಹೋದರು ಎಂಬುದನ್ನು ಮಾತ್ರ ನಾನು ಯಾವ ದೆವ್ವದ ಮೇಲೂ ಹಾಕುವಂತಿಲ್ಲ.