ದವಾಖಾನೆಯ ಸುಣ್ಣದ ಗೋಡೆ

ನಾರಾಯಣಗೂಡದಲ್ಲಿ ನಿಜಾಮರ ಕಾಲದ ದವಾಖಾನೆಯೊಂದನ್ನು ಸರ್ಕಾರಿ ಆಫೀಸು ಮಾಡುವ ಕೆಲಸಕ್ಕೆ ನಾನು ಸೈಟ್ ಇಂಜಿನಿಯರ್. ದಿನಾ ಮಣಿಕೊಂಡದಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ ಬಂದು ಸಾಕುಸಾಕಾಗಿತ್ತು. ಮೇಲಧಿಕಾರಿಗಳಲ್ಲಿ ಒಬ್ಬರು ಎಸಿಗೆ ಗೋಡೆ ಕೊರೆ ಎಂದರೆ ಇನ್ನೊಬ್ಬರು ಕಲ್ಲು ಮುಟ್ಟಬೇಡ ಎನ್ನುತ್ತಿದ್ದರು. ಇಬ್ಬರಿಗೂ ಹೂಂ ಅನ್ನುವುದೇ ನನ್ನ ಕಸುಬಾಗಿತ್ತು.

ಅಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವರು ಒಬ್ಬರೇ, ಬೀದರ್ ಕಡೆಯ ವಯಸ್ಸಾದ ಗೌಂಡಿ. ದೊಡ್ಡ ಹಾಲಿನ ಉದ್ದ ಗೋಡೆಗೆ ಅವರು ಹಳೆಯ ರೀತಿಯಲ್ಲೇ ಗಾರೆ ಮಾಡಿದರು. ಬೆಲ್ಲದ ನೀರು, ಅಳಲೆಕಾಯಿ ಹಾಕಿ ಸುಣ್ಣ ಕೊಳೆಸಿ, ಅರೆದು, ಬಳಿದು, ಕೊನೆಗೆ ನುಣ್ಣನೆಯ ಕಲ್ಲಿನಿಂದ ಉಜ್ಜಿ ಉಜ್ಜಿ ಮುಖ ಕಾಣುವಂತೆ ಮಾಡಿದರು. ಮೊಣಕೈ ಮಾತು ಕೇಳುತ್ತಿಲ್ಲ, ಇದೇ ಕೊನೆಯ ಗೋಡೆ ಎಂದಿದ್ದರು. ಕಿರಿಮಗಳ ಮದುವೆಗೆ ಊರಿಗೆ ಹೊರಟಾಗ ಒಂದೇ ಮಾತು ಕೇಳಿಕೊಂಡರು.

"ಸಾಹೇಬ್ರ, ಒಳಗ ಇನ್ನಾ ಹಸಿ ಐತ್ರಿ. ಅಲ್ಲಲ್ಲಿ ಕಲೆ ಕಾಣ್ತಾವ, ಆರಿದ ಮ್ಯಾಲ ತಾವ ಹೋಗ್ತಾವ. ನಾ ಬರೂತನಾ ಯಾರಿಗೂ ಮುಟ್ಟಾಕ ಬಿಡಬ್ಯಾಡ್ರಿ. ಮಗಳು ಅಳಿಯನ್ನ ಕರಕೊಂಡು ಬಂದು ತೋರಸ್ತೀನಿ."

"ಆತ್ರಿ ಕಾಕಾ, ಚಿಂತಿ ಬಿಡ್ರಿ," ಎಂದೆ.

ವಾರ ಕಳೆಯುವಷ್ಟರಲ್ಲಿ ದೊಡ್ಡ ಅಧಿಕಾರಿ ಬಂದರು. ಅವರಿಗೆ ಉದ್ಘಾಟನೆಯ ಅವಸರ. ಗೋಡೆಯ ಕಲೆ ನೋಡಿ ಮುಖ ಕಿವುಚಿ, ಪ್ಲಾಸ್ಟಿಕ್ ಪೇಂಟ್ ಹೊಡೆಸಿಬಿಡಿ ಎಂದರು. ಸುಣ್ಣ ಆರಬೇಕು, ಈಗಲೇ ಹೊಡೆದರೆ ಗುಳ್ಳೆ ಏಳುತ್ತದೆ ಎಂದು ಒಂದು ಸಲ ಹೇಳಿದೆ. ಎರಡನೆಯ ಸಲ ಹೇಳಲಿಲ್ಲ. ಜಗಳಕ್ಕೆ ತ್ರಾಣವೇ ಇರಲಿಲ್ಲ, ಮನೆಗೆ ಹೋಗಿ ಕಾಲು ಚಾಚಿದರೆ ಸಾಕು ಅನ್ನಿಸಿತ್ತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಕಾಗದಕ್ಕೆ ಸಹಿ ಮಾಡಿದೆ. ಎರಡೇ ದಿನದಲ್ಲಿ ಗೋಡೆಯೆಲ್ಲ ಕೆನೆಬಣ್ಣವಾಯಿತು. ಕಾಕಾನಿಗೆ ಹೇಳೋಣವೆಂದು ಮೊಬೈಲ್ ತೆಗೆದವನು ಮತ್ತೆ ಜೇಬಿಗಿಟ್ಟೆ.

ಮದುವೆ ಮುಗಿಸಿ ಅವರು ನೇರ ಅಲ್ಲಿಗೇ ಬಂದರು. ಹಿಂದೆ ಮೆಹಂದಿ ಇನ್ನೂ ಮಾಸದ ಕೈಯ ಮಗಳು, ಹೊಸ ಶರ್ಟಿನ ಅಳಿಯ. ಬಾಗಿಲಲ್ಲೇ ನಿಂತು ಗೋಡೆ ನೋಡಿದರು. ಹತ್ತಿರ ಹೋಗಿ ಅಂಗೈ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. ನಾಚಿಕೆಯಿಂದ ಕುಗ್ಗಿಹೋದೆ. ಬೈಯಲಿ, ದೇವರೇ, ನಾಲ್ಕು ಮಾತು ಬೈದುಬಿಡಲಿ ಎಂದುಕೊಂಡೆ.

"ಅಪ್ಪಾ, ನೀ ಮಾಡಿದ ಗ್ವಾಡಿ ಇದೇನು?" ಮಗಳು ಕೇಳಿದಳು.

"ಇದಲ್ಲವ್ವಾ," ಎಂದರು ಅವರು. "ಅದು ಒಳಗಿನ ಖೋಲಿದಾಗ ಐತಿ. ಕೀಲಿ ಹಾಕ್ಯಾರ."

ಮಗಳು ನನ್ನ ಮುಖ ನೋಡಿದಳು. "ಸಾಹೇಬ್ರ, ಒಂಚೂರು ಕೀಲಿ ತೆಗೀತೀರೇನ್ರಿ? ಅದನ್ನ ನೋಡಾಕಂತನ ಬಂದೀವ್ರಿ."

"ಕೀಲಿ ಇವತ್ತ ನನ್ನ ಹತ್ರ ಇಲ್ಲವ್ವಾ," ಎಂದೆ.