ದುಬೈ ಉಪ್ಪು

ಎರಡು ಸಾವಿರದ ಇಸವಿಯ ಆಸುಪಾಸು. ನನ್ನ ಗಂಡನ ಕಿಡ್ನಿ ಸೊರಗಿದೆ ಎಂದು ಮಂಗಳೂರಿನ ಡಾಕ್ಟರು ಹೇಳಿದ ದಿನವೇ ಬೆಳುವಾಯಿಯ ನಮ್ಮ ಅಡುಗೆಮನೆಯಲ್ಲಿ ಯುದ್ಧ ಶುರುವಾಯಿತು. ಉಪ್ಪು ಕಡಿಮೆ, ಉಪ್ಪಿನಕಾಯಿ ಇಲ್ಲ, ಒಣಮೀನಿನ ಚಟ್ನಿ ಇಲ್ಲ, ತೆಂಗಿನೆಣ್ಣೆ ಚಮಚದಲ್ಲಿ ಅಳೆದು. ಇವರೋ, ಮೂಡುಬಿದಿರೆಯಲ್ಲಿ ಹೋಟೆಲು ಇಟ್ಟವರು. ಸಾಂಬಾರನ್ನು ಅಂಗೈಗೆ ಹಾಕಿ ನೆಕ್ಕಿ ನೋಡದೆ ಒಂದು ದಿನವೂ ಗಿರಾಕಿಗೆ ಬಡಿಸಿದವರಲ್ಲ.

ನಾನೂ ಹಟಮಾರಿ. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಭರಣಿಯನ್ನೇ ನಾದಿನಿಯ ಮನೆಗೆ ಸಾಗಿಸಿದೆ. ಪ್ಯಾಕೆಟಿನ ಸೂರ್ಯಕಾಂತಿ ಎಣ್ಣೆ ತಂದು ನೋಡಿದೆ, ಇವರು ಮೂಸಿಯೂ ನೋಡಲಿಲ್ಲ. ಬೆಳ್ಳುಳ್ಳಿ ಒಗ್ಗರಣೆ, ಕಾಳುಮೆಣಸು, ಲಿಂಬೆಹುಳಿ, ಏನು ಮಾಡಿದರೂ ಕುಚ್ಚಲಕ್ಕಿ ಗಂಜಿಯ ಮುಂದೆ ಮುಖ ಗಂಟು ಹಾಕಿಯೇ ಕೂರುತ್ತಿದ್ದರು.

"ಇದು ಅಕ್ಕಚ್ಚು ಮಾರಾಯ್ತಿ, ದನಕ್ಕೆ ಇಡು."

"ಹಾಗಾದರೆ ಉಪವಾಸ ಬೀಳಿ!"

ಹೇಳುವುದು ಹೇಳಿ, ಒಳಗೆ ಹೋಗಿ ಅಳುತ್ತಿದ್ದೆ. ದಿನೇ ದಿನೇ ಇಳಿದುಹೋಗುವ ಮನುಷ್ಯನನ್ನು ನೋಡಿಕೊಂಡು ಎಷ್ಟು ಗಟ್ಟಿ ಇರಲಿಕ್ಕಾಗುತ್ತದೆ?

ಆಗ ದುಬೈಯಿಂದ ರಜೆಗೆ ಬಂದ ನನ್ನ ತಮ್ಮ ಒಂದು ಬಿಳಿ ಡಬ್ಬಿ ಕೊಟ್ಟ. "ಅಕ್ಕ, ಇದು ಬಿಪಿಯವರ ಉಪ್ಪು. ಸೋಡಿಯಂ ಇಲ್ಲ. ಬಾವನಿಗೆ ಧೈರ್ಯದಲ್ಲಿ ಹಾಕು."

ನಮ್ಮ ಕಡೆ ಗಲ್ಫಿನ ಸಾಮಾನೆಂದರೆ ಪ್ರಶ್ನೆಯೇ ಇಲ್ಲ. ತಲೆನೋವಿನ ಎಣ್ಣೆಯಿಂದ ಹಾಲಿನ ಪುಡಿಯವರೆಗೆ ಅಲ್ಲಿಂದ ಬಂದದ್ದೆಲ್ಲ ಒಳ್ಳೆಯದೇ. ಡಾಕ್ಟರನ್ನು ಒಂದು ಮಾತು ಕೇಳುವ ಅಂತ ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಅಂದೇ ಸಾರಿಗೆ ಹಾಕಿದೆ. ಸ್ವಲ್ಪ ಕಹಿ ಇತ್ತು. ಇನ್ನಷ್ಟು ಲಿಂಬೆ ಹಿಂಡಿದೆ. ಇವರು ಎರಡೆರಡು ಸಲ ಬಡಿಸಿಕೊಂಡು ತೇಗಿದರು. ಅಬ್ಬ, ಗೆದ್ದೆ ಎಂದುಕೊಂಡೆ.

ವಾರ ಕಳೆದು ಒಂದು ಬೆಳಿಗ್ಗೆ ಇವರಿಗೆ ಜಗಲಿಯ ಮೆಟ್ಟಿಲು ಹತ್ತಲಾಗಲಿಲ್ಲ. ಕಾಲಲ್ಲಿ ಬಲವಿಲ್ಲ, ಎದೆಬಡಿತ ತಾಳ ತಪ್ಪಿತ್ತು. ಕಾರು ಮಾಡಿಕೊಂಡು ಮಂಗಳೂರಿಗೆ ಓಡಿದೆವು. ರಕ್ತ ಪರೀಕ್ಷೆ ನೋಡಿದ ಡಾಕ್ಟರು, ಊಟದಲ್ಲಿ ಏನಾದರೂ ಬದಲಾಯಿತೇ ಎಂದು ವಿಚಾರಿಸಿದರು. ನಾನು ಹೆಮ್ಮೆಯಿಂದಲೇ ಡಬ್ಬಿಯ ವಿಷಯ ಹೇಳಿದೆ.

"ಅಯ್ಯೋ ಅಮ್ಮ, ಅದರಲ್ಲಿ ಸೋಡಿಯಂ ಬದಲು ಪೊಟಾಸಿಯಂ ಇರುವುದು. ಇವರ ಕಿಡ್ನಿಗೆ ಅದನ್ನು ಹೊರಗೆ ಹಾಕಲಿಕ್ಕಾಗುವುದಿಲ್ಲ. ಇನ್ನೆರಡು ದಿನ ಹೋಗಿದ್ದರೆ ಹೃದಯವೇ ನಿಲ್ಲುತ್ತಿತ್ತು."

ಉಪ್ಪಿನಕಾಯಿ ಕದ್ದರೆ ಕೈಗೆ ಹೊಡೆಯುತ್ತಿದ್ದ ನಾನೇ ಇವರಿಗೆ ಕೈಯಾರೆ ವಿಷ ಬಡಿಸಿದ್ದೆ.

ದೇವರು ದೊಡ್ಡವನು, ಇವರು ಉಳಿದರು. ನನಗೆ ಒಂದು ಮಾತೂ ಬೈಯಲಿಲ್ಲ; ಬೈದಿದ್ದರೆ ಒಳ್ಳೆಯದಿತ್ತು. ಮನೆಗೆ ಬಂದ ಮಧ್ಯಾಹ್ನ ಗಂಜಿ, ಸಪ್ಪೆ ಪಲ್ಯ ಬಡಿಸಿದೆ. ಮದುವೆಯಾದಂದಿನಿಂದ ರುಚಿಗೆ ಸಾವಿರ ಕೊಂಕು ತೆಗೆದರೂ ನನ್ನ ಕೈಯ ಮೇಲೆ ಒಮ್ಮೆಯೂ ಸಂಶಯಪಡದ ಮನುಷ್ಯ, ಅಂದು ಬಟ್ಟಲು ಮುಟ್ಟದೆ, ನನ್ನ ಮುಖ ನೋಡದೆ, ಮೆಲ್ಲಗೆ ಕೇಳಿದರು:

"ಇದಕ್ಕೆ ಎಂತ ಹಾಕಿದ್ದಿ?"