ನೀಲಾ ಚಿಗವ್ವನ ಎರಡು ಮೃತ್ಯುಪತ್ರಗಳು

ನೀಲಾ ಚಿಗವ್ವನ ಹತ್ತಿರ ಮಾತಾಡಲು ಕುಳಿತವರು ಮೊದಲು ತಮ್ಮ ಮುಂಗೈಯನ್ನು ಅವಳಿಗೆ ಒಪ್ಪಿಸಬೇಕಾಗುತ್ತಿತ್ತು. ಮದುವೆಯ ಕರೆಯೋಲೆ ಕೊಡಲು ಬಂದವರಿರಲಿ, ಗ್ಯಾಸ್ ಸಿಲಿಂಡರ್ ಹೊತ್ತು ತಂದವನಿರಲಿ, ಅವಳು ನಾಡಿ ಹಿಡಿಯದೆ ಬಿಡುತ್ತಿರಲಿಲ್ಲ. ಇಳಕಲ್ ಸೀರೆಯ ಸೆರಗಿಗೆ ಪಿನ್ನು ಹಾಕಿ ತಲೆಕೆಳಗಾಗಿ ತೂಗುಬಿಟ್ಟ ನರ್ಸಿನ ಗಡಿಯಾರವನ್ನು ನೋಡುತ್ತ, ತುಟಿ ಅಲ್ಲಾಡಿಸುತ್ತ ಎಣಿಸಿ ಮುಗಿಸಿದ ಮೇಲೆಯೇ ಕುಶಲ ಕೇಳುತ್ತಿದ್ದಳು. "ಬಾಯಿ ಸುಳ್ಳ ಹೇಳತೈತಿ, ನಾಡಿ ಹೇಳೂದಿಲ್ಲ" ಎಂಬುದು ಅವಳ ಸಿದ್ಧಾಂತ.

ಅವಳು ನನ್ನ ಅವ್ವನ ತಂಗಿ. ನರ್ಸಿಂಗ್ ಕಲಿತು ಇಂಗ್ಲೆಂಡಿನ ಕವೆಂಟ್ರಿ ಎಂಬ ಊರಿನ ಆಸ್ಪತ್ರೆಗೆ ಹೋದಳು. ಮೂವತ್ತು ವರ್ಷಕ್ಕೂ ಮೇಲೆ ಅಲ್ಲಿ ದುಡಿದು, ನಿವೃತ್ತಿಯಾದ ಮೇಲೆ ಧಾರವಾಡದ ಹತ್ತಿರದ ನವನಗರದಲ್ಲಿ ಮನೆ ಕಟ್ಟಿಸಿ ನೆಲೆಸಿದಳು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ನೈಟ್ ಡ್ಯೂಟಿ ಇತ್ತ್ರಿ" ಎನ್ನುತ್ತಿದ್ದಳು. ಅಷ್ಟು ವರ್ಷ ಪರದೇಶದಲ್ಲಿದ್ದರೂ ಅವಳ ಕನ್ನಡ ಭರಣಿಯೊಳಗಿನ ಉಪ್ಪಿನಕಾಯಿಯ ಹಾಗೆ ಕೆಡದೆ ಉಳಿದಿತ್ತು. ಕೆಟ್ಟದ್ದು ಅಡಿಗೆ ಮಾತ್ರ. ಸಾರಿಗೆ ಹಾಕುವ ಉಪ್ಪನ್ನೂ ಅವಳು ಸಣ್ಣ ತಕ್ಕಡಿಯಲ್ಲಿ ತೂಗುತ್ತಿದ್ದಳು. ಕೈ ಅಳತೆಯಲ್ಲಿ ಹಾಕಬಾರದೇ ಎಂದರೆ, "ಅಂದಾಜು ಅನ್ನೂದು ಭಾಳ ಮಂದೀನ್ನ ಕೊಂದೈತಿ ರಘ್ಯಾ" ಎನ್ನುವಳು. ಇಷ್ಟೆಲ್ಲ ತೂಗಿಯೂ ಸಾರು ಸಪ್ಪಗೆ ಇರುತ್ತಿತ್ತು. ಬಿಸ್ಕೀಟಿನ ಪಾಕೀಟನ್ನು ಕೂಡ ಹಿಂದೆ ಮುಂದೆ ಪೂರ್ತಿ ಓದಿ ಒಡೆಯುವ ಹೆಂಗಸು ಅವಳು. ಓದದೆ ಸಹಿ ಮಾಡಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ತನ್ನ ಮೃತ್ಯುಪತ್ರಕ್ಕೆ.

ಕವೆಂಟ್ರಿಯಲ್ಲಿಯೂ ಅವಳ ಹೆಸರಿನಲ್ಲೊಂದು ಪುಟ್ಟ ಮನೆ ಇತ್ತು. ಅದರಲ್ಲಿ ಮೊರೀನ್ ಎಂಬ ಐರಿಶ್ ನರ್ಸ್ ಇದ್ದಳು. ಇಬ್ಬರೂ ಒಂದೇ ವಾರ್ಡಿನಲ್ಲಿ ಕೆಲಸ ಮಾಡಿ, ಆ ಮನೆಯಲ್ಲಿ ಒಟ್ಟಿಗೆ ಬಾಳಿ, ಒಟ್ಟಿಗೆ ಮುದುಕಿಯರಾದವರು. ಚಿಗವ್ವ ಇಲ್ಲಿಗೆ ಬಂದ ಮೇಲೂ ಮೊರೀನ್ ಅಲ್ಲಿಯೇ ಉಳಿದಳು. ಪ್ರತಿ ರವಿವಾರ ಫೋನಿನಲ್ಲಿ ಇಬ್ಬರ ಜಗಳ ತಪ್ಪುತ್ತಿರಲಿಲ್ಲ. ಜಗಳ ಮುಗಿಸಿ ಫೋನಿಟ್ಟ ಚಿಗವ್ವ ಅರ್ಧ ಗಂಟೆ ಬಹಳ ಖುಷಿಯಲ್ಲಿರುತ್ತಿದ್ದಳು.

"ನನ್ನ ಹಿಂದ ಆ ಮನಿ ಮೊರೀನ್‌ಗ. ಅಲ್ಲೇ ವಕೀಲರ ಕಡೆ ಬರಸಿಟ್ಟೇನಿ" ಎಂದು ಒಮ್ಮೆ ನನಗೆ ಹೇಳಿದ್ದಳು. "ಆಕಿಗೆ ಹೇಳಿಲ್ಲ. ಹೇಳಿದ್ರ ತಲಿ ಮ್ಯಾಲ ಕುಂದರ್ತಾಳ."

ಹೃದಯದ ತೊಂದರೆ ಶುರುವಾದಾಗ, "ಅಲ್ಲಿಂದು ಅಲ್ಲೇ ಆಗೇತಿ, ಇಲ್ಲಿಂದೂ ಮುಗಿಸಿಬಿಡೂಣು" ಎಂದು ನನ್ನನ್ನು ಕರೆದುಕೊಂಡು ಧಾರವಾಡಕ್ಕೆ ಹೊರಟಳು. ಸಬ್‌ರಜಿಸ್ಟ್ರಾರ್ ಕಚೇರಿಯ ಎದುರಿಗೆ ಬಸಣ್ಣ ಎಂಬ ಬಾಂಡ್ ರೈಟರ್ ಇದ್ದರು. ಖರೀದಿ, ಆಸ್ತಿ ಪಾಲಿನ ವಾಟ್ನಿ, ಮೃತ್ಯುಪತ್ರ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬರೆದು ಒಂದೇ ಉಸಿರಿನಲ್ಲಿ ಓದಿ ಹೇಳುವ ಗಟ್ಟಿಗರು. ಚಿಗವ್ವನ ಸೆರಗಿನ ಗಡಿಯಾರ ನೋಡಿದವರೇ, "ಬರ್ರಿ ಡಾಕ್ಟರಬಾಯಾರ, ಕುಂದರ್ರಿ" ಎಂದರು. ಚಿಗವ್ವ ತಿದ್ದಲಿಲ್ಲ. ನಾನು ಕೆಮ್ಮಿದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನವನಗರದ ಮನೆ ಮತ್ತು ರಾಯಾಪುರದ ಪ್ಲಾಟು ಅಕ್ಕನ ಮಗನಾದ ನನಗೆ ಎಂದು ಬರೆಸಿದಳು. ಇಂಗ್ಲೆಂಡಿನ ಮನೆಯದು ಆಗಲೇ ಅಲ್ಲಿ ಬರೆದಾಗಿದೆ ಎಂದೂ ಹೇಳಿದಳು. "ಅಲ್ಲಿಂದು ಅಲ್ಲಿ, ಇಲ್ಲಿಂದು ಇಲ್ಲಿ. ನಮಗ್ಯಾಕ್ರಿ ಬ್ಯಾರೆ ದೇಶದ ಉಸಾಬರಿ" ಎಂದು ಬಸಣ್ಣ ತಲೆದೂಗಿದರು. ಓದುವಾಗ ನಾಲ್ಕು ಸಲ 'ಡಾಕ್ಟರಬಾಯಾರ' ಎಂದರು. ಐದನೆಯ ಸಲಕ್ಕೆ ಚಿಗವ್ವ ತಾನು ಓದಿ ನೋಡದೆಯೇ ಪೆನ್ನು ತೆಗೆದುಕೊಂಡು ಸಹಿ ಮಾಡಿಬಿಟ್ಟಳು.

ನೋಂದಣಿಯಾದ ಪ್ರತಿಯನ್ನು ಇಟ್ಟುಕೋ ಎಂದು ನನಗೆ ಕೊಟ್ಟಳು. ನಾನು ಶಾಲೆಯ ಮಾಸ್ತರ. ಬರೆದ ಹಾಳೆ ಕೈಗೆ ಬಂದರೆ ತಪ್ಪು ಹುಡುಕುವುದು ನನ್ನ ಚಟ. ಒಂದು ಸೋಮವಾರ ಹಾಗೆಯೇ ಓದುತ್ತ ಕೊನೆಗೆ ಬಂದಾಗ ಈ ಸಾಲು ಕಂಡಿತು: 'ನಾನು ಈ ಹಿಂದೆ ಎಲ್ಲಿಯಾದರೂ ಬರೆದ ಯಾವುದೇ ಮೃತ್ಯುಪತ್ರಗಳಿದ್ದಲ್ಲಿ ಅವೆಲ್ಲವೂ ಇಂದಿನಿಂದ ರದ್ದು.' ವಕೀಲಿ ಮಾಡುವ ಗೆಳೆಯನಿಗೆ ಫೋನು ಹಚ್ಚಿದೆ. "ಮುಗೀತಲ್ಲೋ! ಇಂಗ್ಲೆಂಡಿನ ಕಾಗದಾನೂ ಇದರಾಗ ಹೋತು. ಈಗ ಆಕಿ ತೀರಿಕೊಂಡ್ರ ಆ ಮನಿ ರಕ್ತಸಂಬಂಧಿಗೆ. ಯಾರದಾರ ಹತ್ತಿರದವ್ರು?" ಎಂದ.

ಅವ್ವ ತೀರಿಕೊಂಡಿದ್ದಳು. ಹತ್ತಿರದವನೆಂದರೆ ನಾನೊಬ್ಬನೇ.

ಮಂಗಳವಾರ ನಾನು ಚಿಗವ್ವನಿಗೆ ಹೇಳಲಿಲ್ಲ. ಹೃದಯದ ರೋಗಿಗೆ ಆಘಾತವಾದೀತು ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಬುಧವಾರ ಫೋನಿನ ನಕಾಶೆಯಲ್ಲಿ ಕವೆಂಟ್ರಿಯ ಆ ಓಣಿಯನ್ನು ಹುಡುಕಿ ಮನೆಯ ಫೋಟೋ ನೋಡಿದೆ. ಗುರುವಾರ ಹೆಂಡತಿಗೆ, ಅಲ್ಲಿ ಚಳಿಗೆ ಎಂಥ ಸ್ವೆಟರ್ ಬೇಕಾಗುತ್ತದೆಯೋ ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಶುಕ್ರವಾರ ಫೋಟೋವನ್ನು ದೊಡ್ಡದು ಮಾಡಿದಾಗ ಬಾಗಿಲ ಪಕ್ಕದಲ್ಲಿ ಹೆಂಗಸರ ಒಂದು ಜೊತೆ ಹಳೆಯ ಬೂಟುಗಳು ಕಂಡವು. ಆ ರಾತ್ರಿ ಊಟ ಸೇರಲಿಲ್ಲ.

ಶನಿವಾರ ಶಾಲೆ ಬಿಟ್ಟ ಕೂಡಲೇ ನವನಗರಕ್ಕೆ ಹೋಗಿ ಕಾಗದವನ್ನು ಅವಳ ಮುಂದಿಟ್ಟೆ. ಚಿಗವ್ವ ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ನನ್ನ ಮುಂಗೈ ಹಿಡಿದಳು.

"ಯಾವಾಗ ನೋಡಿದಿ ಇದನ್ನ?"

ಇವತ್ತು ಎನ್ನಬಹುದಿತ್ತು. ಆದರೆ ಬೆರಳು ನಾಡಿಯ ಮೇಲಿತ್ತು. "ಸೋಮವಾರ" ಎಂದೆ.

ಬಹಳ ಹೊತ್ತು ಎಣಿಸಿದಳು. ನಾನು ನೆಲ ನೋಡುತ್ತಿದ್ದೆ. ಕೊನೆಗೆ ಕೈಬಿಟ್ಟು, "ಐದ ದಿನಾ. ಅಡ್ಡಿಯಿಲ್ಲ, ಲಗೂನ ಬಂದಿ. ನಾನಾಗಿದ್ರ ಹದಿನೈದು ದಿನಾ ತಗೋತಿದ್ದೆ" ಎಂದಳು. ನನಗೆ ಅಳು ಬಂತು. ಅವಳು ಅದನ್ನು ಗಮನಿಸದವಳಂತೆ ಕವೆಂಟ್ರಿಯ ವಕೀಲರ ವಿಳಾಸ ಹುಡುಕತೊಡಗಿದಳು.

ಆ ವಕೀಲರು ಇಮೇಲ್ ಮಾಡಿದರು. ರದ್ದಾದ ಕಾಗದ ತಾನಾಗಿ ಜೀವ ಪಡೆಯುವುದಿಲ್ಲ, ಹೊಸದಾಗಿ ಸಹಿ ಮಾಡಬೇಕು. ಸಹಿಯ ಹೊತ್ತಿಗೆ ಇಬ್ಬರು ಸಾಕ್ಷಿಗಳು ಒಟ್ಟಿಗೆ ಎದುರಿಗಿರಬೇಕು. ಇಂಗ್ಲೆಂಡಿನ ಕಾಗದ ಇಂಗ್ಲೆಂಡಿನ ಆಸ್ತಿಗಷ್ಟೇ, ಭಾರತದ್ದು ಭಾರತದ ಆಸ್ತಿಗಷ್ಟೇ ಎಂದು ಎರಡರಲ್ಲೂ ಸ್ಪಷ್ಟವಾಗಿ ಬರೆಯಬೇಕು. ಅಷ್ಟರಲ್ಲಿ ಚಿಗವ್ವ ಆಸ್ಪತ್ರೆ ಸೇರಿದ್ದಳು. ಹೊಸದಾಗಿ ಬರೆಸಿದ ಎರಡೂ ಕಾಗದಗಳನ್ನು ಅಲ್ಲಿಗೇ ಒಯ್ದೆ. ಸಾಕ್ಷಿಗೆ ಬಸಣ್ಣ ತಾವಾಗಿಯೇ ಬಂದರು, ಜೊತೆಗೆ ತಮ್ಮ ಟೈಪಿಸ್ಟನನ್ನೂ ಕರೆತಂದರು.

"ಡಾಕ್ಟರಬಾಯಾರ, ತಪ್ಪಾತ್ರಿ" ಎಂದು ಬಸಣ್ಣ ಕೈಮುಗಿದರು. "ನಲವತ್ತು ವರ್ಷ ಆತ್ರಿ ಆ ಸಾಲು ಬರಕೋತ ಬಂದು. ಅದಿಲ್ಲಂದ್ರ ಕಾಗದಕ್ಕ ವಜನ ಬರೂದಿಲ್ಲ ಅಂತ ನಮ್ಮ ಗುರುಗಳು ಹೇಳಿಕೊಟ್ಟಿದ್ರು."

"ನಾ ಡಾಕ್ಟರ್ ಅಲ್ರಿ ಬಸಣ್ಣಾರ, ನರ್ಸ್. ಅದನ್ನ ಅವತ್ತ ಹೇಳಿದ್ರ ಇಷ್ಟೆಲ್ಲ ಆಗತಿದ್ದಿಲ್ಲ."

ಅವಳು ಎರಡೂ ಕಾಗದಗಳನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿದಳು. ಒಂದು ಗಂಟೆಯಾಯಿತು. ಸಹಿಗೆಂದು ಪೆನ್ನು ಊರುವಾಗ ಬಸಣ್ಣನವರ ಫೋನು ರಿಂಗಾಯಿತು, ಅವರು ಹೊರಗೆ ನಡೆದರು. ಚಿಗವ್ವ ಪೆನ್ನು ಎತ್ತಿದಳು.

"ಬಸಣ್ಣಾರ, ಒಳಗ ಬರ್ರಿ. ನೀವು ಬರೂ ತನಕ ನಾ ಸಹೀನೂ ಮಾಡೂದಿಲ್ಲ, ಸಾಯೂದೂ ಇಲ್ಲ."

ಬಸಣ್ಣ ಓಡಿ ಬಂದರು. ಆಗಲೇ ಅವಳು ಸಹಿ ಮಾಡಿದ್ದು. ಅಕ್ಷರ ಒಂದೂ ತಪ್ಪಲಿಲ್ಲ. ನಾನು ಅವಳನ್ನು ಎಚ್ಚರದಲ್ಲಿ ನೋಡಿದ್ದು ಅದೇ ಕೊನೆ. ಎರಡು ದಿನದ ಮೇಲೆ ಹೋಗಿಬಿಟ್ಟಳು.

ಮೊರೀನ್‌ಗೆ ನಾನೇ ಫೋನು ಮಾಡಿದೆ. ಅತ್ತಳು, ಸುಧಾರಿಸಿಕೊಂಡಳು. ಮನೆಯ ಮಾತು ಹೇಗೆ ಎತ್ತಲಿ ಎಂದು ಯೋಚಿಸುತ್ತಿದ್ದಾಗ ಆಕೆಯೇ ಎತ್ತಿದಳು: ನೀನು ಸಂಕೋಚ ಪಡಬೇಡ, ನೀಲಾ ಆಸ್ಪತ್ರೆ ಸೇರಿದ ದಿನದಿಂದಲೇ ನನ್ನ ಸಾಮಾನುಗಳನ್ನು ಡಬ್ಬಗಳಿಗೆ ತುಂಬುತ್ತಿದ್ದೇನೆ, ಅಡಿಗೆಮನೆಯದೊಂದು ಉಳಿದಿದೆ, ನಿನಗೆ ಯಾವಾಗ ಮನೆ ಖಾಲಿಯಾಗಬೇಕೋ ಹೇಳು.

ಡಬ್ಬಗಳನ್ನು ಬಿಚ್ಚಿರಿ ಎಂದೆ. ಆಕೆಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದೆ, ಕಾಗದ ಓದಿ ಹೇಳಿದೆ. ಆ ಕಡೆ ಒಂದು ಡಬ್ಬದ ಟೇಪು ಕಿತ್ತ ಸದ್ದು ಕೇಳಿಸಿತು. ಆಮೇಲೆ, ನೀಲಾಳ ಸ್ವಂತ ಮಗನಿದ್ದರೂ ನಿನ್ನಷ್ಟು ಒಳ್ಳೆಯವನಾಗಿರುತ್ತಿರಲಿಲ್ಲ ಎಂದಳು. ಆ ಐದು ದಿನಗಳ ಸಂಗತಿಯನ್ನು ನಾನು ಆಕೆಗೆ ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಮುಂಗೈ ಹಿಡಿಯುವವರು ಯಾರೂ ಇರಲಿಲ್ಲ.